ಗೆಳೆಯರ ಅಂಗಳಕ್ಕೆ ಕ್ಯಾಂಪರ್ ವ್ಯಾನ್: ಕರಾವಳಿಯಿಂದ ಶಿರಸಿವರೆಗೆ ನಿಲುಗಡೆ, ಕರೆಂಟು, ನೀರು

ಉತ್ತರ ಕನ್ನಡದಲ್ಲಿ ಕ್ಯಾಂಪರ್ ವ್ಯಾನಿಗೆಂದೇ ನೀರು, ಕರೆಂಟು, ಕೊಳೆನೀರಿನ ವ್ಯವಸ್ಥೆ ಮಾಡಿಟ್ಟ ಜಾಗ ಸಿಗುವುದು ಅಪರೂಪ. ಹಾಗಾಗಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಡಿಯಲ್ಲಿ ತಿರುಗುವವರು ಹೆಚ್ಚಿನ ರಾತ್ರಿ ಕಳೆಯುವುದು ಗೆಳೆಯರ, ನೆಂಟರ ಮನೆಯ ಅಂಗಳದಲ್ಲೇ. ಹಾಸಿಗೆ, ಒಲೆ, ಫ್ರಿಜ್ ಎಲ್ಲ ಗಾಡಿಯಲ್ಲೇ ಇದೆ, ಯಾರಿಗೂ ತೊಂದರೆಯಿಲ್ಲ ಎಂದುಕೊಂಡು ಹೊರಡುತ್ತಾರೆ. ಆದರೆ ಗಾಡಿ ಒಮ್ಮೆ ನಿಂತ ಮೇಲೆ ನೀರು ಆ ಮನೆಯ ಬಾವಿಯದು, ಕರೆಂಟು ಆ ಮನೆಯ ವೈರಿನದು, ಕೊಳೆ ಹೋಗುವುದು ಆ ಮನೆಯ ಗುಂಡಿಗೆ. ಇವು ಎಷ್ಟು ತಾಳುತ್ತವೆ ಎಂಬುದು ಕರಾವಳಿಯ ಮನೆಗೂ ಘಟ್ಟದ ಮೇಲಿನ ಮನೆಗೂ ಬೇರೆ, ಮೇ ತಿಂಗಳಿಗೂ ಜುಲೈಗೂ ಬೇರೆ. ಅದನ್ನು ಹೊರಡುವ ಮೊದಲೇ ತಿಳಿದುಕೊಂಡಿರಬೇಕು.

ಇಲ್ಲಿ ಕೊಟ್ಟ ಲೆಕ್ಕಗಳೆಲ್ಲ ಇಬ್ಬರು ಮಲಗುವ, ಟೆಂಪೋ ಟ್ರಾವೆಲರ್ ಅಥವಾ ವಿಂಗರ್ ಗಾತ್ರದ ಗಾಡಿಯವು: 100 ಲೀಟರ್ ನೀರಿನ ಟ್ಯಾಂಕ್, 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಚಾವಣಿಯ ಮೇಲೆ 200 ವ್ಯಾಟ್ ಸೋಲಾರ್. ನಿಮ್ಮ ಗಾಡಿ ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ. ಸಾಮಾನ್ಯ ವ್ಯಾನನ್ನು ಮನೆಯಾಗಿ ಮಾರ್ಪಡಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಯಿಲ್ಲದ ಮಾರ್ಪಾಡನ್ನು ಒಪ್ಪುವುದಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇದನ್ನೇ.

ಹೊರಡುವ ಮುಂಚಿನ ಫೋನು

ಕರೆ ಮಾಡಿ "ಗಾಡಿ ಬರ್ತದಾ?" ಎಂದು ಕೇಳಿದರೆ ಎಲ್ಲರೂ "ಬರ್ತದೆ, ಬನ್ನಿ" ಎಂದೇ ಹೇಳುತ್ತಾರೆ. ಕಾರು ಬರುವ ದಾರಿಯೇ ಅವರ ಕಣ್ಣ ಮುಂದಿರುತ್ತದೆ. ಕೇಳುವ ಬಗೆ ಬೇರೆ ಇರಬೇಕು: ಊರಿಗೆ ಸರ್ಕಾರಿ ಬಸ್ಸು ಬರುತ್ತದಾ? ಬಸ್ಸು ನಿಲ್ಲುವಲ್ಲಿಂದ ಮನೆ ಎಷ್ಟು ದೂರ? ಅಡಿಕೆ ಒಯ್ಯುವ ಲಾರಿ ಅಂಗಳಕ್ಕೆ ಬರುತ್ತದಾ, ರಸ್ತೆಯಲ್ಲೇ ನಿಲ್ಲುತ್ತದಾ? ಲಾರಿ ಅಂಗಳಕ್ಕೆ ಬಂದು ತಿರುಗಿಸಿಕೊಂಡು ಹೋಗುತ್ತದೆ ಎಂದಾದರೆ ನಿಮ್ಮ ಗಾಡಿಗೂ ಜಾಗವಿದೆ. ಟ್ರ್ಯಾಕ್ಟರ್ ಮಾತ್ರ ಬರುತ್ತದೆ ಎಂದರೆ ನಂಬಬೇಡಿ. ಟ್ರ್ಯಾಕ್ಟರಿನ ಚಕ್ರ ಹತ್ತುವ ಕಲ್ಲುದಾರಿಯಲ್ಲಿ ವ್ಯಾನಿನ ಹೊಟ್ಟೆ ತಾಗುತ್ತದೆ.

ಎತ್ತರವನ್ನು ಅಂದಾಜಿನಲ್ಲಿ ಹೇಳಬೇಡಿ. ಸೋಲಾರ್ ಫಲಕ, ಚಾವಣಿಯ ಫ್ಯಾನು, ಸಾಮಾನಿನ ಕ್ಯಾರಿಯರ್ ಎಲ್ಲ ಸೇರಿಸಿ ನೆಲದಿಂದ ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಸ್ಟೇರಿಂಗ್ ಪಕ್ಕ ಅಂಟಿಸಿಡಿ. ಹಳ್ಳಿಮನೆಗಳಲ್ಲಿ ತೊಂದರೆ ಕೊಡುವುದು ಮರದ ಕೊಂಬೆಗಿಂತ ಹೆಸ್ಕಾಂ ಕಂಬದಿಂದ ಮನೆಗೆ ಎಳೆದ ಸರ್ವಿಸ್ ವೈರು. ಕಂಬ ವಾಲಿದ ಕಡೆ ಅದು ಮೂರು ಮೀಟರಿಗಿಂತ ಕೆಳಗೆ ಜೋತಾಡುವುದುಂಟು. ಹೆದ್ದಾರಿಯಿಂದ ಅಂಗಳದವರೆಗಿನ ದಾರಿಯ ವಿಡಿಯೋ ತೆಗೆದು ಕಳಿಸಲು ಮನೆಯ ಹುಡುಗರಿಗೆ ಹೇಳಿ. ಎರಡು ನಿಮಿಷದ ವಿಡಿಯೋದಲ್ಲಿ ವೈರು, ಮೋರಿ, ದಣಪೆಯ (ಬೇಲಿಯ ಬಾಗಿಲು) ಅಗಲ, ಕೊನೆಯ ಏರು ಎಲ್ಲ ಕಾಣಿಸುತ್ತದೆ. ಗೂಗಲ್ ನಕ್ಷೆ ತೋರಿಸುವ ಒಳದಾರಿಗಳನ್ನು ಈ ಜಿಲ್ಲೆಯಲ್ಲಿ ನಂಬಿ ಇಳಿಯಬೇಡಿ. ಸೊಪ್ಪಿನ ಬೆಟ್ಟದ ಜಾಡೂ, ಕಾಲುಸಂಕದಲ್ಲಿ (ನಡೆದು ದಾಟುವ ಸಣ್ಣ ಸೇತುವೆ) ಮುಗಿಯುವ ದಾರಿಯೂ ಅದರಲ್ಲಿ ರಸ್ತೆಯಂತೆಯೇ ಕಾಣುತ್ತವೆ.

ಇದೇ ಫೋನಿನಲ್ಲಿ ಇನ್ನೊಂದು ಮಾತು ಹೇಳಿಬಿಡಿ: "ಅಕ್ಕ, ಊಟ ನಿಮ್ಮ ಜೊತೆ, ಮಲಗೋದು ಮಾತ್ರ ಗಾಡಿಯಲ್ಲಿ." ಮನೆಗೆ ಬಂದವರು ಹೊರಗೆ ಮಲಗುವುದೆಂದರೆ ಇಲ್ಲಿನ ಮನೆಯವರಿಗೆ ಮನಸ್ಸಿಗೆ ನಾಟುವ ವಿಷಯ. ರಾತ್ರಿ ಹಾಸಿಗೆ ಹಾಸಿಟ್ಟ ಮೇಲೆ ಹೇಳಿದರೆ ಬೇಸರವಾಗುತ್ತದೆ, ಮೊದಲೇ ಹೇಳಿದರೆ ಆಗುವುದಿಲ್ಲ.

ಘಟ್ಟ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟದ ಮೇಲೆ ಸುಮಾರು 60 ಕಿಲೋಮೀಟರ್. ಸಮುದ್ರ ಮಟ್ಟದಿಂದ ಹೊರಟು ಸುಮಾರು 600 ಮೀಟರ್ ಎತ್ತರಕ್ಕೆ ಮುಟ್ಟುತ್ತೀರಿ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ, ಹೊನ್ನಾವರದಿಂದ ಸಾಗರದ ಕಡೆಗೆ ಗೇರುಸೊಪ್ಪೆ ಘಟ್ಟ. ಕಾರವಾರದಿಂದ ಕದ್ರಾ, ಅಣಶಿ ಮೇಲೆ ಜೋಯಿಡಾಕ್ಕೆ ಹೋಗುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿಂದ ಸಾಗುತ್ತದೆ. ಅಲ್ಲಿ ರಾತ್ರಿ ಗಾಡಿ ನಿಲ್ಲಿಸಿ ಮಲಗುವ ಯೋಚನೆಯೇ ಬೇಡ, ಹಗಲಿನಲ್ಲೇ ದಾಟಿ.

ಟ್ಯಾಂಕ್ ತುಂಬಿಕೊಂಡು ಘಟ್ಟ ಹತ್ತಬೇಡಿ. 100 ಲೀಟರ್ ನೀರೆಂದರೆ 100 ಕಿಲೋ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಅಡ್ಡಗೋಡೆ ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಆ ಭಾರ ಅತ್ತಿಂದಿತ್ತ ಹೊಡೆಯುತ್ತದೆ. 20–30 ಲೀಟರ್ ಇಟ್ಟುಕೊಂಡು ಉಳಿದದ್ದನ್ನು ಮೇಲೆ ಹೋಗಿ ತುಂಬಿಸಿಕೊಳ್ಳಿ. ಇಳಿಯುವಾಗ, ಅದೇ ಏರನ್ನು ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಹೆಚ್ಚಿನ ತಿರುವುಗಳಿಗೆ ಅದು ಎರಡನೆಯದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನಿಂಗ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ಅಗಲವಾದ ಜಾಗದಲ್ಲಿ ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡ್ರಮ್ಮಿನ ಮೇಲೆ ನೀರು ಹೊಯ್ಯುವವರಿದ್ದಾರೆ. ಡ್ರಮ್ ಸೀಳುತ್ತದೆ, ಮಾಡಬೇಡಿ.

ಮಳೆಗಾಲದಲ್ಲಿ ಘಟ್ಟದ ರಸ್ತೆಗಳನ್ನು ಮುಚ್ಚುವುದು, ದೊಡ್ಡ ವಾಹನಗಳನ್ನು ತಡೆಯುವುದು ಆಗಾಗ ಇರುತ್ತದೆ. ಹೊರಡುವ ದಿನ ಬೆಳಿಗ್ಗೆಯೇ ಗೆಳೆಯರಿಂದ ದಾರಿಯ ಸುದ್ದಿ ತಿಳಿದುಕೊಳ್ಳಿ. ಇನ್ನು, ಧರೆ (ನೆಟ್ಟಗೆ ಕಡಿದ ಮಣ್ಣಿನ ಗೋಡೆ) ಇರುವ ಗುಡ್ಡದ ಬುಡದಲ್ಲಿ, ಎಷ್ಟೇ ಅಗಲ ಜಾಗವಿರಲಿ, ಚಹಾ ಕುಡಿಯುವಷ್ಟು ಹೊತ್ತಿಗೂ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾದಂಗಡಿಯೂ ನಿಂತಿದ್ದ ವಾಹನಗಳೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಗಾಡಿಯೊಳಗೆ ಮಲಗಿದವರಿಗೆ ಗುಡ್ಡ ಜಾರುವ ಸದ್ದು ಮಳೆಯ ಸದ್ದಿನಲ್ಲಿ ಕೇಳುವುದೇ ಇಲ್ಲ. ಮನೆಯ ಹಿಂದಿನ ಧರೆಗೂ ಇದೇ ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಧರೆ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರ ಬಿಟ್ಟು ನಿಲ್ಲಿಸಿ.

ಎಲ್ಲಿ ನಿಲ್ಲಿಸುವುದು

ಶಿರಸಿ, ಸಿದ್ದಾಪುರದ ಕಡೆಯ ಮನೆಯ ಅಂಗಳ ಖಾಲಿ ಕಂಡರೂ ಅದು ಕೆಲಸದ ಜಾಗ. ನವೆಂಬರಿನಿಂದ ಮಾರ್ಚ್‌ವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ನಡೆಯುವುದು ಅಲ್ಲಿ. ಸಗಣಿ ಸಾರಿಸಿದ ಅಂಗಳದ ಮೇಲೆ ಮೂರು ಟನ್ ಗಾಡಿ ಹತ್ತಿಸಿದರೆ ಬೀಳುವ ಗಾಲಿಯ ಗುಂಡಿ ಮುಂದಿನ ವರ್ಷ ಅಂಗಳ ಮಾಡುವವರೆಗೂ ಉಳಿಯುತ್ತದೆ. ಡೀಸೆಲ್ ಅಥವಾ ಆಯಿಲ್ ತೊಟ್ಟಿಕ್ಕಿದರಂತೂ ಅಲ್ಲಿ ಹರವಿದ ಅಡಿಕೆಗೆ ವಾಸನೆ ಹತ್ತುತ್ತದೆ, ದರ ಇಳಿಯುತ್ತದೆ. ಅಂಗಳದ ಹೊರಗೆ, ಕೊಟ್ಟಿಗೆಯ ಆಚೆ, ಲಾರಿ ನಿಲ್ಲುವ ಗಟ್ಟಿ ನೆಲ ಎಲ್ಲಿದೆ ಎಂದು ಕೇಳಿ ಅಲ್ಲಿಗೇ ಹೋಗಿ. ಇಂಜಿನ್ ಕೆಳಗೆ ಒಂದು ಹಳೇ ರಟ್ಟು ಹಾಸಿಡಿ. ಸೋರಿಕೆಯೂ ಗೊತ್ತಾಗುತ್ತದೆ, ನೆಲವೂ ಉಳಿಯುತ್ತದೆ.

ತೆಂಗಿನ ಮರದ ಕೆಳಗೆ ಯಾವ ಕಾಲಕ್ಕೂ ಬೇಡ. ಹಲಸಿನ ಮರದ ಕೆಳಗೆ ಏಪ್ರಿಲ್‌ನಿಂದ ಜುಲೈವರೆಗೆ ಬೇಡ. ಒಣ ದರಕು (ಉದುರಿದ ಎಲೆ) ದಪ್ಪಗೆ ಬಿದ್ದ ಜಾಗವೂ ಒಳ್ಳೆಯದಲ್ಲ. ಬಿಸಿ ಸೈಲೆನ್ಸರಿಗೆ ದರಕು ತಾಗಿ ಬೆಂಕಿ ಹಿಡಿಯಬಹುದು ಎಂಬುದು ಒಂದು ಕಾರಣ, ಉಣುಗು (ಉಣ್ಣೆ ಹುಳು) ಇನ್ನೊಂದು. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಚಳಿಗಾಲದಿಂದ ಮೇವರೆಗೆ ಮಂಗನ ಕಾಯಿಲೆಯ ಭಯ ಇದ್ದೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗು ಕಚ್ಚಿ ಬರುತ್ತದೆ. ತೋಟ, ಬೆಟ್ಟ ಸುತ್ತಿ ಬಂದವರು ಗಾಡಿ ಹತ್ತುವ ಮೊದಲೇ ಬಟ್ಟೆ ಕೊಡವಿ, ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನೆಯಲ್ಲಿದ್ದರೆ ಹೊರಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಿ. ಊರು ಬಿಟ್ಟು ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟನೋವು ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ.

ಕರಾವಳಿಯಲ್ಲಿ ಗಾಡಿಯನ್ನು ಮರಳಿಗೆ ಇಳಿಸಬೇಡಿ. ಮಾಜಾಳಿಯಿಂದ ಧಾರೇಶ್ವರದವರೆಗೆ ಎಲ್ಲ ಕಡೆ ಮೇಲಿನ ಒಣ ಮರಳು ಮೆತ್ತಗಿರುತ್ತದೆ, ಹಿಂದಿನ ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಅಚ್ಚಿನವರೆಗೆ ಕೂರುತ್ತದೆ. ಅಲೆಯಂಚಿನ ಗಟ್ಟಿ ಮರಳು ಆಸೆ ಹುಟ್ಟಿಸುತ್ತದೆ, ಆದರೆ ಭರತ (ಉಬ್ಬರ) ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಬರುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಮೇಲಕ್ಕೆ ಏರುತ್ತದೆ. ಅಕಸ್ಮಾತ್ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತುವುದನ್ನು ಕೂಡಲೇ ನಿಲ್ಲಿಸಿ. ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿ, ಚಕ್ರದ ಮುಂದಿನ ಮರಳನ್ನು ಇಳಿಜಾರಾಗಿ ತೆಗೆದು, ತೆಂಗಿನ ಗರಿ ಹಾಸಿ, ಹಗುರಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಗಟ್ಟಿ ರಸ್ತೆ ಸಿಕ್ಕ ಮೇಲೆ ನಿಧಾನಕ್ಕೆ ಹತ್ತಿರದ ಪಂಪಿಗೆ ಹೋಗಿ ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಟೈರು ಕಾದು ಪಕ್ಕ ಒಡೆಯುತ್ತದೆ.

ನಿಲ್ಲಿಸಿದ ಮೇಲೆ ಗಾಡಿ ಸಮತಟ್ಟಾಗಿದೆಯೇ ನೋಡಲು ಒಲೆಕಟ್ಟೆಯ ಮೇಲೆ ತಟ್ಟೆಯಲ್ಲಿ ನೀರಿಟ್ಟರೆ ಸಾಕು. ತಗ್ಗಿನ ಕಡೆಯ ಚಕ್ರದ ಕೆಳಗೆ ಒಂದೂವರೆ ಇಂಚಿನ ಹಲಗೆಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಇಟ್ಟು ಹತ್ತಿಸಿ. ತಲೆ ಎತ್ತರದ ಕಡೆ ಬರುವಂತಿರಲಿ. ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಮೊದಲ ಗೇರಿನಲ್ಲಿಟ್ಟು, ಎರಡೂ ಕಡೆ ಕಲ್ಲು ಕೊಡಿ. ಎಳೆದಿಟ್ಟ ಹ್ಯಾಂಡ್‌ಬ್ರೇಕಿನ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿದರೆ ಬಿಡಿಸಲು ಚಕ್ರವನ್ನೇ ಬಿಚ್ಚಬೇಕು.

ಕರೆಂಟು

ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ, ಅಪಾಯವೂ ಇಲ್ಲೇ ಹೆಚ್ಚು. ಮೊದಲು ನಿಮ್ಮ ದಿನದ ಖರ್ಚಿನ ಲೆಕ್ಕ. ಕರಾವಳಿಯ ಸೆಕೆಯಲ್ಲಿ 40 ಲೀಟರಿನ 12 ವೋಲ್ಟ್ ಫ್ರಿಜ್ ದಿನಕ್ಕೆ 400 ವ್ಯಾಟ್-ಅವರ್ ಆಸುಪಾಸು ತಿನ್ನುತ್ತದೆ. ಫ್ಯಾನು ರಾತ್ರಿಯೆಲ್ಲ ತಿರುಗಿದರೆ 200, ದೀಪ, ನೀರಿನ ಪಂಪು, ಫೋನು ಸೇರಿ 150. ಒಟ್ಟು 750. ನಿಮ್ಮ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು 1,280. ಅಂದರೆ ಒಂದೂವರೆ ದಿನ. ಚಳಿಗಾಲದ ಬಿಸಿಲಿನಲ್ಲಿ 200 ವ್ಯಾಟ್ ಫಲಕ ದಿನದ ಖರ್ಚನ್ನು ಹೆಚ್ಚೂಕಡಿಮೆ ತುಂಬಿಕೊಡುತ್ತದೆ. ಮಳೆಗಾಲದಲ್ಲಿ ಅದರ ಕಾಲುಭಾಗ ಬಂದರೆ ಹೆಚ್ಚು, ಅಡಿಕೆ ತೋಟದ ನೆರಳಿನಲ್ಲಿ ಯಾವ ಕಾಲಕ್ಕೂ ಸೊನ್ನೆ ಎಂದೇ ತಿಳಿಯಿರಿ. ಫಲಕದ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಇಡೀ ಫಲಕ ಮಂಕಾಗುತ್ತದೆ. ಇಂಜಿನ್ ಆಲ್ಟರ್ನೇಟರಿನಿಂದ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿಕೊಂಡಿದ್ದರೆ, ಕಾರವಾರದಿಂದ ಶಿರಸಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಬಹುತೇಕ ತುಂಬಿರುತ್ತದೆ. ಈ ಜಿಲ್ಲೆಗೆ ಸೋಲಾರಿಗಿಂತ ಮೊದಲು ಹಾಕಿಸಬೇಕಾದ್ದು ಇದು.

ಮನೆಯ ಕರೆಂಟು ಬೇಕೇ ಆದರೆ ಬ್ಯಾಟರಿ ಚಾರ್ಜರ್ ಒಂದಕ್ಕೆ ಮಾತ್ರ ತೆಗೆದುಕೊಳ್ಳಿ. 30 ಆಂಪಿಯರ್ ಚಾರ್ಜರ್ ಗೋಡೆಯಿಂದ ಎಳೆಯುವುದು ಸುಮಾರು 500 ವ್ಯಾಟ್, ಅಂದರೆ ಎರಡು ಆಂಪಿಯರ್ ಚಿಲ್ಲರೆ. ಜಗಲಿಯ ಸಣ್ಣ 6 ಆಂಪಿಯರ್ ಪ್ಲಗ್ಗೂ ಇದನ್ನು ತಾಳುತ್ತದೆ, ಮೂರು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ, ಖರ್ಚು ಸುಮಾರು ಒಂದೂವರೆ ಯೂನಿಟ್. ಇಂಡಕ್ಷನ್ ಒಲೆ 1,800 ವ್ಯಾಟಿನದಾದರೆ ಎಂಟು ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳೇ ಮನೆಯ ಮರದ ಪಟ್ಟಿಯೊಳಗಿನ ವೈರು ಅದಕ್ಕೆ ಮಾಡಿದ್ದಲ್ಲ. ಪ್ಲಗ್ ಬಿಸಿಯಾಗಿ ಕರಗುವುದು ಆಗಲೇ.

ಪ್ಲಗ್ ಹಾಕುವ ಮುನ್ನ ಮನೆಯವರ ಒಪ್ಪಿಗೆ ಪಡೆದು ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಯಿರಿ:

1. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. 180ಕ್ಕಿಂತ ಕೆಳಗಿದ್ದರೆ ಆಗ ಬೇಡ. ತೋಟದ ಪಂಪುಗಳು ನಿಂತ ಮೇಲೆ ಮತ್ತೆ ನೋಡಿ.
2. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಸೊನ್ನೆಯೋ ಅರ್ಧವೋ ತೋರಿಸಿದರೆ ಅರ್ತಿಂಗ್ ಇಲ್ಲ ಎಂದರ್ಥ.
3. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು.

ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಗಾಡಿಯನ್ನು ಜೋಡಿಸಲೇಬೇಡಿ. ಗಾಡಿಯ ಕಬ್ಬಿಣದ ಮೈ ರಬ್ಬರ್ ಚಕ್ರದ ಮೇಲೆ ನಿಂತಿದೆ. ಒಳಗೆ ಎಲ್ಲಾದರೂ ಸೋರಿದ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ಮೈಯಲ್ಲೇ ನಿಂತಿರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲಿಗೆ ಕೈ ಹಾಕಿದವರ ಮೂಲಕ ಅದು ನೆಲಕ್ಕೆ ಇಳಿಯುತ್ತದೆ. ಮುಟ್ಟುವವರು ನೀವೇ ಆಗಬೇಕೆಂದಿಲ್ಲ. ಕುತೂಹಲಕ್ಕೆ ಗಾಡಿ ನೋಡಲು ಬಂದ ಮನೆಯ ಮಕ್ಕಳೂ ಆಗಬಹುದು. ಗಾಡಿಯ ಒಳಬರುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್ಚು) ಇರಲೇಬೇಕು, ಅದರ ಟೆಸ್ಟ್ ಬಟನ್ನನ್ನು ಪ್ರತಿ ಸಲ ಪ್ಲಗ್ ಹಾಕಿದಾಗಲೂ ಒತ್ತಿ ನೋಡಬೇಕು.

ಕೇಬಲ್ 2.5 ಚದರ ಮಿಲಿಮೀಟರಿನ ಮೂರು ಎಳೆಯ ತಾಮ್ರದ್ದು, 25 ಮೀಟರ್. ಡ್ರಮ್ಮಿಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿ. ಸುತ್ತಿಟ್ಟ ಕೇಬಲ್ಲಿನೊಳಗೆ ಬಿಸಿ ಕೂಡಿಕೊಂಡು ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಓಡಾಡುವ ದಾರಿಗೆ ಅಡ್ಡ ಹಾಕದೆ ಗೋಡೆಯಂಚಿಗೆ ಎಳೆಯಿರಿ, ದನಕರು ಓಡಾಡುವ ಕಡೆಯಂತೂ ನೆಲದ ಮೇಲೆ ಬೇಡ. ಜೋಡಣೆ ಇರುವಲ್ಲಿ ನೀರು ಹೊಗದ ಪ್ಲಗ್ ಬಳಸಿ, ನೆಲದಿಂದ ಎತ್ತರಕ್ಕೆ ಕಟ್ಟಿ.

ಕೊನೆಯದಾಗಿ ಇನ್ವರ್ಟರ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಒಳ ಊರುಗಳಲ್ಲಿ ಬರುವುದು ಮರುದಿನವೋ ಮೂರನೇ ದಿನವೋ. ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ 150 ಆಂಪಿಯರ್-ಅವರ್ ಬ್ಯಾಟರಿ. ಅದರ ಮೇಲೆ ರಾತ್ರಿಯ ದೀಪ, ಫ್ಯಾನು, ಇಂಟರ್ನೆಟ್ಟಿನ ಪೆಟ್ಟಿಗೆ ಎಲ್ಲ ನಡೆಯಬೇಕು. ನಿಮ್ಮ 500 ವ್ಯಾಟ್ ಚಾರ್ಜರ್ ಇನ್ವರ್ಟರ್ ಲೈನಿನ ಪ್ಲಗ್ಗಿನಲ್ಲಿದ್ದರೆ ಎರಡು ಎರಡೂವರೆ ಗಂಟೆಯಲ್ಲಿ ಅದನ್ನು ಬರಿದು ಮಾಡುತ್ತದೆ, ಮನೆಯವರು ಕತ್ತಲಲ್ಲಿ ಕೂರುತ್ತಾರೆ. "ಇದು ಇನ್ವರ್ಟರ್ ಲೈನಾ?" ಎಂದು ಕೇಳಿಯೇ ಪ್ಲಗ್ ಹಾಕಿ. ಇನ್ವರ್ಟರ್ ಲೈನಿನಲ್ಲಿ ಇಲ್ಲದ ಪ್ಲಗ್ ಸಿಗದಿದ್ದರೆ, ನೀವು ಎಚ್ಚರವಿರುವಾಗ ಮಾತ್ರ ಚಾರ್ಜ್ ಮಾಡಿ, ಕರೆಂಟು ಹೋದ ಕೂಡಲೇ ತೆಗೆಯಿರಿ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತು ಕೇಬಲ್ ಸುತ್ತಿಡಿ. ಮುಸುಕಿದ ಮೋಡ ನೋಡಿಯೇ ಮನೆಯವರು ಟಿವಿ, ಫ್ರಿಜ್ ಕಿತ್ತಿಡುತ್ತಾರೆ, ಅವರ ಜೊತೆಗೇ ನೀವೂ.

ನೀರು ಮತ್ತು ಕೊಳೆ

ಗಾಡಿಯಲ್ಲೇ ಸ್ನಾನ ಮಾಡಿದರೆ ಇಬ್ಬರಿಗೆ ದಿನಕ್ಕೆ 30 ಲೀಟರ್ ಬೇಕು, ಮನೆಯ ಬಚ್ಚಲು ಬಳಸಿದರೆ ಹತ್ತು ಹನ್ನೆರಡು ಸಾಕು. ಘಟ್ಟದ ಮೇಲಿನ ಮನೆಗಳ ಬಚ್ಚಲ ಹಂಡೆಯಲ್ಲಿ ಬೆಳಿಗ್ಗೆ ಬಿಸಿನೀರು ಧಾರಾಳ, ಸಂಕೋಚ ಬೇಡ. ಮಿಂದ ಮೇಲೆ ತೆಗೆದಷ್ಟು ತಣ್ಣೀರನ್ನು ಹಂಡೆಗೆ ತುಂಬಿ, ಒಲೆಗೆ ಒಂದು ಕುಂಟೆ ಮುಂದೂಡಿ ಬನ್ನಿ. ಮುಂದೆ ಮೀಯುವವರಿಗೆ ನೀರು ಬಿಸಿಯಾಗಿರಬೇಕು.

ಮಾರ್ಚ್ ಕೊನೆಯಿಂದ ಮೊದಲ ಮಳೆವರೆಗೆ ಬಾವಿ ನೋಡದೆ ಪೈಪು ಕೇಳಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ನದಿಗಳ ಅಳಿವೆಯ ಆಸುಪಾಸಿನ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಮನೆಯವರು ಕುಡಿಯುವ ನೀರನ್ನು ಬೇರೆ ಕಡೆಯಿಂದ ತರುತ್ತಿರುವಾಗ ನಿಮ್ಮ ಟ್ಯಾಂಕ್ ತುಂಬಿಸಲು ಕೇಳುವುದು ಸರಿಯಲ್ಲ. ಉಪ್ಪು ನೀರು ಗಾಡಿಯ ಸಣ್ಣ ಪಂಪನ್ನೂ ನಲ್ಲಿಗಳನ್ನೂ ಹಾಳು ಮಾಡುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದನ್ನು ಇಟ್ಟುಕೊಳ್ಳಿ; ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 500 ಮಿಲಿಗ್ರಾಂವರೆಗೆ. ಘಟ್ಟದ ಮೇಲೆ ಅಬ್ಬಿ (ಗುಡ್ಡದ ಝರಿ) ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುವ ಮನೆಗಳಿವೆ. ಈ ನೀರಿನಲ್ಲಿ ಉಪ್ಪಿಲ್ಲ, ಆದರೆ ಮಳೆ ಬಂದ ಮರುದಿನ ಮಣ್ಣು, ಎಲೆಚೂರು ಇರುತ್ತದೆ. ಬಾಯಿಗೆ ಎರಡು ಪದರ ಪಂಚೆ ಕಟ್ಟಿ ತುಂಬಿಸಿ. ಕುಡಿಯುವುದಕ್ಕೆ ಎಲ್ಲೇ ಆಗಲಿ ಕುದಿಸಿಯೇ ಬಳಸಿ.

ಟ್ಯಾಂಕನ್ನು ಎರಡು ತಿಂಗಳಿಗೊಮ್ಮೆ ತೊಳೆಯಬೇಕು. 100 ಲೀಟರಿಗೆ 15 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಷ್ಟು ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹೊಯ್ದು, ಪೂರ್ತಿ ನೀರು ತುಂಬಿಸಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ. ನಾಲ್ಕು ಗಂಟೆಯ ನಂತರ ಖಾಲಿ ಮಾಡಿ ಎರಡು ಸಲ ತೊಳೆಯಿರಿ. ಈ ನೀರನ್ನು ಗಿಡದ ಬುಡಕ್ಕೆ, ಗುಂಡಿಗೆ ಬಿಡಬಾರದು. ಹಾಗಾಗಿ ಇದು ಮನೆಯಲ್ಲೇ ಮುಗಿಸಿಕೊಂಡು ಹೊರಡುವ ಕೆಲಸ, ಗೆಳೆಯರ ಅಂಗಳದಲ್ಲಿ ಮಾಡುವುದಲ್ಲ. ಹಳೇ ಪೌಡರ್ ಥಂಡಿ ಎಳೆದು ಸತ್ವ ಕಳೆದುಕೊಂಡಿರುತ್ತದೆ, ಬಳಸಿ ಪ್ರಯೋಜನವಿಲ್ಲ.

ಪಾತ್ರೆ ತೊಳೆದ ನೀರನ್ನು ಗಾಡಿಯ ಕೆಳಗೆ ಹಾಗೇ ಬಿಡಬೇಡಿ. ಒಂದೇ ದಿನದಲ್ಲಿ ಕೆಸರು, ಎರಡನೇ ದಿನ ನೊಣ. ಬಕೆಟ್ಟಿನಲ್ಲಿ ಹಿಡಿದು, ಅನ್ನದ ಅಗುಳು ಸೋಸಿ, ಬಾಳೆಯ ಬುಡಕ್ಕೆ ಹೊಯ್ಯಿರಿ. ತೋಟದ ಕಾದಿಗೆಗೆ (ನೀರು ಹರಿದುಹೋಗುವ ಕಾಲುವೆ) ಸೋಪಿನ ನೀರು ಬಿಡಬೇಡಿ: ಅದು ಹರಿದು ಕೆಳಗಿನ ಮನೆಯವರ ಕೆರೆಗೆ ಸೇರುತ್ತದೆ.

ಶೌಚದ ಪೆಟ್ಟಿಗೆ ವಿಷಯದಲ್ಲಿ ಸುಲಭದ ದಾರಿ: ಮನೆಯಲ್ಲಿರುವಷ್ಟು ದಿನ ಮನೆಯ ಪಾಯಖಾನೆಯನ್ನೇ ಬಳಸಿ, ಗಾಡಿಯದು ರಾತ್ರಿಯ ಮೂತ್ರಕ್ಕೆ ಮಾತ್ರ. 20 ಲೀಟರಿನ ಪೆಟ್ಟಿಗೆ ಇಬ್ಬರಿಗೆ ಎರಡು ಮೂರು ದಿನದಲ್ಲಿ ತುಂಬುತ್ತದೆ. ಖಾಲಿ ಮಾಡಲೇಬೇಕಾದರೆ ಕೇಳಿಕೊಂಡು, ಕಮೋಡಿಗೇ, ಸ್ವಲ್ಪ ಸ್ವಲ್ಪವಾಗಿ ಹೊಯ್ದು ಒಂದು ಬಕೆಟ್ ನೀರು ಬಿಡಿ. ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಹಾಕಿದ್ದರೆ ಮನೆಯ ಗುಂಡಿಗೆ ಹೊಯ್ಯಲೇಬಾರದು, ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ. ಕಿಣ್ವದ ದ್ರಾವಣ ತಗೊಳ್ಳಿ. ಜುಲೈ–ಆಗಸ್ಟಿನಲ್ಲಿ ಕರಾವಳಿಯ ಮನೆಗಳ ಇಂಗುಗುಂಡಿಗಳು ನೆಲದ ನೀರು ಮೇಲೆ ಬಂದು ತಾವೇ ತುಂಬಿರುತ್ತವೆ. ಆ ಕಾಲದಲ್ಲಿ ಕೇಳುವುದೂ ಬೇಡ.

ಮಳೆ, ಉಪ್ಪುಗಾಳಿ

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಮಲಗಿದ ಗಾಡಿಯೊಳಗೆ ಬೂಸಲು ಬರಲು ಒಂದು ವಾರ ಸಾಕು. ಇಬ್ಬರ ಉಸಿರಿನ ತೇವವೇ ತಗಡಿಗೆ ತಾಗಿ ನೀರಾಗಿ ಹಾಸಿಗೆಯ ಅಡಿಗೆ ಇಳಿಯುತ್ತದೆ. ಹಾಸಿಗೆಯನ್ನು ಹಲಗೆಯ ಮೇಲೆ ನೇರ ಹಾಕದೆ, ನಡುವೆ ಸಂದು ಬಿಟ್ಟ ರೀಪುಗಳ ಮೇಲೆ ಎರಡು ಇಂಚು ಎತ್ತರಿಸಿ. ಚಾವಣಿಯ ಫ್ಯಾನಿಗೆ ಮಳೆಟೋಪಿ ಹಾಕಿಸಿ ರಾತ್ರಿಯೆಲ್ಲ ಸಣ್ಣಗೆ ತಿರುಗಲು ಬಿಡಿ, ಗಾಳಿಯ ಮರೆಯ ಕಡೆಯ ಒಂದು ಕಿಟಕಿ ಬೆರಳಷ್ಟು ತೆರೆದಿರಲಿ. ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ. ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಜಾಗ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಸಮುದ್ರದ ಹತ್ತಿರ ನಿಂತಷ್ಟು ದಿನ ಮೂರು ದಿನಕ್ಕೊಮ್ಮೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ, ಬ್ಯಾಟರಿ ತುದಿಗಳಿಗೆ ವ್ಯಾಸಲೀನ್ ಹಚ್ಚಿ. ಗ್ಯಾಸ್ ರೆಗ್ಯುಲೇಟರ್ ತುಕ್ಕು ಹಿಡಿದರೆ ಉಜ್ಜಿ ಬಳಸಬೇಡಿ, ಬದಲಿಸಿ.

ಚಗಳಿ ಇರುವೆ ಕೊಂಬೆ ತಾಗಿದ ಕಡೆಯಿಂದ, ಕೇಬಲ್ ಮೇಲಿಂದ ಗಾಡಿಗೆ ಹತ್ತುತ್ತದೆ. ಕೊಂಬೆಯಿಂದ ದೂರ ನಿಲ್ಲಿಸಿ, ಕೇಬಲ್ಲಿಗೆ ಒಂದು ಗೇಣು ವ್ಯಾಸಲೀನ್ ಬಳಿಯಿರಿ. ಇಲಿ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುವುದು ಅಡಿಕೆ ಮನೆಗಳ ಹತ್ತಿರ ಸಾಮಾನ್ಯ. ರಾತ್ರಿ ಬಾನೆಟ್ ಎತ್ತಿಟ್ಟರೆ ಅವಕ್ಕೆ ಬೆಚ್ಚಗಿನ ಕತ್ತಲೆ ಸಿಗುವುದಿಲ್ಲ. ಉಂಬಳಕ್ಕೆ (ಜಿಗಣೆ) ಬಾಗಿಲಲ್ಲೇ ಉಪ್ಪಿನ ಡಬ್ಬಿ.

ಒಲೆ, ಊಟ

ಗಾಡಿಗೆ 5 ಕಿಲೋ ಸಿಲಿಂಡರ್ ಸಾಕು, 14.2 ಕಿಲೋದ ಮನೆ ಸಿಲಿಂಡರ್ ಒಯ್ಯಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಗೂಡಿಗೆ ತಳದಲ್ಲೇ ಹೊರಕ್ಕೆ ತೂತಿರಬೇಕು. ಗ್ಯಾಸ್ ಪೈಪಿನ ಮೇಲೆ ಮುದ್ರಿಸಿದ ವರ್ಷ ನೋಡಿ ಐದು ವರ್ಷಕ್ಕೆ ಬದಲಿಸಿ. ಮಳೆಯ ಚಳಿಗೆ ಒಲೆ ಉರಿಸಿಟ್ಟು ಮಲಗಬೇಡಿ, ಮುಚ್ಚಿದ ಗಾಡಿಯಲ್ಲಿ ಹೊಗೆಯಿಲ್ಲದ ವಿಷಗಾಳಿಯೇ ಜೀವ ತೆಗೆಯುತ್ತದೆ.

ಮನೆಗೆ ಹೋದ ಕೂಡಲೇ "ಆಸರಿಗೆ (ಕುಡಿಯಲು) ಏನು ಬೇಕು?" ಎಂದು ಕೇಳುತ್ತಾರೆ. ಬೇಡ ಎನ್ನಬೇಡಿ. ಗಾಡಿಯಲ್ಲಿ ಅಡುಗೆ ಮಾಡಿಕೊಳ್ಳುತ್ತೇವೆ ಎಂದು ಎಲ್ಲ ಹೊತ್ತೂ ದೂರ ಉಳಿದರೆ ಗೆಳೆಯರ ಮನೆಗೆ ಬಂದಂತಾಗುವುದಿಲ್ಲ, ಮೂರೂ ಹೊತ್ತು ಅವರಲ್ಲೇ ಉಂಡರೆ ಅಡುಗೆಮನೆಯವರಿಗೆ ಬಿಡುವಿಲ್ಲ. ಮಧ್ಯಾಹ್ನದ ಊಟ ಅವರ ಜೊತೆ, ಬೆಳಗಿನ ಆಸರಿ ಗಾಡಿಯಲ್ಲಿ, ಒಂದು ಸಂಜೆ ಅವರೆಲ್ಲರಿಗೂ ನಿಮ್ಮ ಒಲೆಯ ಮೇಲೆ ಚಹಾ, ಅವಲಕ್ಕಿ. ಯಾವ ಹೊತ್ತು ಉಣ್ಣುವುದಿಲ್ಲ ಎಂಬುದನ್ನು ಬೆಳಿಗ್ಗೆಯೇ, ಅಕ್ಕಿ ತೊಳೆಯುವ ಮುನ್ನ ಹೇಳಿ.

ಕಾರವಾರ, ಅಂಕೋಲಾದ ಮನೆಗಳಲ್ಲಿ ಮೀನಿನ ಊಟ ದೊಡ್ಡ ಉಪಚಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಮೀನು ಕಡಿಮೆ, ದುಬಾರಿ. ಮೀನೇ ಬೇಕೆಂದು ಅವರಿಗೆ ಕಷ್ಟ ಕೊಡಬೇಡಿ. ಕರಾವಳಿಯಿಂದ ಸಸ್ಯಾಹಾರಿಗಳಾದ ಹವ್ಯಕರ ಮನೆಗೆ ಹೋಗುವ ದಿನ ಫ್ರಿಜ್‌ನಲ್ಲಿ ಮೀನು ಉಳಿಸಿಕೊಳ್ಳದೆ, ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಬಾಗಿಲು ತೆರೆದು ಒಣಗಿಸಿಕೊಂಡು ಹೋಗಿ. ಅವರು ಏನೂ ಹೇಳಲಿಕ್ಕಿಲ್ಲ, ಆದರೆ ಅವರ ಅಂಗಳದಲ್ಲಿ ಮೀನು ಹುರಿದ ವಾಸನೆ ಬರಬಾರದು.

ಕೈಯಲ್ಲಿ ಒಯ್ಯುವುದಕ್ಕೆ ಪೇಟೆಯ ಸ್ವೀಟಿನ ಪೆಟ್ಟಿಗೆಗಿಂತ ಅತ್ತಲಿನದು ಇತ್ತ, ಇತ್ತಲಿನದು ಅತ್ತ ಮುಟ್ಟಿಸಿದರೆ ಸಂತೋಷ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಗೆ ಹೆಣೆದು ತೂಗಿಟ್ಟ ಸಿಹಿ ಈರುಳ್ಳಿಯ ಗೊಂಚಲು, ಮೇ ತಿಂಗಳಾದರೆ ಅಂಕೋಲಾದ ಕರಿ ಈಶಾಡ ಮಾವು ಘಟ್ಟದ ಮೇಲಿನವರಿಗೆ. ಈರುಳ್ಳಿಯನ್ನು ಗೊಂಚಲಿನಲ್ಲೇ ಗಾಳಿಯಾಡುವಲ್ಲಿ ತೂಗುಹಾಕಿ, ಚೀಲದಲ್ಲಿಟ್ಟರೆ ಕೊಳೆಯುತ್ತದೆ. ಇಳಿದು ಬರುವಾಗ ಜೋನಿ (ನೀರಾದ) ಬೆಲ್ಲ, ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ. ಜೋನಿ ಬೆಲ್ಲದ ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬಿಸಿ ನೆಟ್ಟಗೆ ಕಟ್ಟಿ. ಕರಾವಳಿಯ ಸೆಕೆಗೆ ಹುಳಿ ಬಂದರೆ ಮುಚ್ಚಳ ಎಬ್ಬಿಸಿಕೊಂಡು ಹರಿಯುತ್ತದೆ. ಕರೆಂಟಿನ ದುಡ್ಡೆಂದು ನೋಟು ಕೊಡಲು ಹೋಗಬೇಡಿ. ಪೇಟೆಗೆ ಹೋಗುವಾಗ "ಏನಾದರೂ ತರಬೇಕಾ?" ಎಂದು ಕೇಳಿ ತಂದುಕೊಟ್ಟರೆ ಆಯಿತು.

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ. ಆ ವಾರ ಪೇಟೆಯೊಳಗೆ ದೊಡ್ಡ ಗಾಡಿ ತರಬೇಡಿ; ಹಳ್ಳಿಮನೆಯಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಹೋಗಿ ಬನ್ನಿ.

ಹೊರಡುವ ಬೆಳಿಗ್ಗೆ

ಮೊದಲು ಕೇಬಲ್: ಗೋಡೆಯ ಕಡೆಯ ಪ್ಲಗ್ ತೆಗೆದ ಮೇಲೇ ಗಾಡಿಯ ಕಡೆಯದು. ಆಮೇಲೆ ಗ್ಯಾಸ್ ವಾಲ್ವ್, ಚಾವಣಿಯ ಫ್ಯಾನಿನ ಮುಚ್ಚಳ, ಫ್ರಿಜ್ಜಿನ ಚಿಲಕ, ಕಿಟಕಿ. ಬಾನೆಟ್ಟಿನೊಳಗೆ ಇಲಿಗೂಡು ಇದೆಯೇ ನೋಡಿ. ಹಲಗೆ, ಕಲ್ಲುಗಳನ್ನು ತಂದಲ್ಲೇ ಇಡಿ, ರಟ್ಟಿನ ಮೇಲೆ ಎಣ್ಣೆ ಬಿದ್ದಿದ್ದರೆ ರಟ್ಟನ್ನು ಗಾಡಿಯಲ್ಲೇ ಒಯ್ಯಿರಿ, ಚಕ್ರದ ಗುಂಡಿ ಬಿದ್ದಿದ್ದರೆ ಗುದ್ದಲಿ ಕೇಳಿ ಮುಚ್ಚಿ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಂತಿರಬೇಕು, ಬೀಳ್ಕೊಡಲು ನಿಂತ ಮಕ್ಕಳು ಎಲ್ಲರೂ ಮುಂದೆ, ಕಣ್ಣಿಗೆ ಕಾಣುವಲ್ಲಿ ಇರಬೇಕು. ದಣಪೆ ದಾಟಿದ ಮೇಲೆ ಇಳಿದು ಮತ್ತೆ ಹಾಕಿ, ಇಲ್ಲವಾದರೆ ಬೀಡಾಡಿ ದನ ತೋಟಕ್ಕೆ ನುಗ್ಗುತ್ತದೆ. ರಾತ್ರಿ ಮಳೆ ಬಂದು ಕೆಂಪುಮಣ್ಣಿನ ಏರು ಜಾರುತ್ತಿದ್ದರೆ ಹಟ ಬೇಡ. ಬಿಸಿಲು ಬಿದ್ದು ಎರಡು ಗಂಟೆ ಕಳೆದ ಮೇಲೆ ಅದೇ ಏರು ಸಲೀಸು. ಘಟ್ಟದಲ್ಲಿ ಉದ್ದಕ್ಕೂ ನೆಟ್‌ವರ್ಕ್ ಸಿಗುವುದಿಲ್ಲ. ಎಷ್ಟು ಹೊತ್ತಿಗೆ ಕೆಳಗೆ ಮುಟ್ಟಿ ಫೋನ್ ಮಾಡುತ್ತೇವೆ ಎಂದು ಹೇಳಿಯೇ ಹೊರಡಿ, ಆ ಹೊತ್ತು ದಾಟಿದರೆ ಯಾವ ದಾರಿಯಲ್ಲಿ ಹುಡುಕಬೇಕೆಂಬುದು ಅವರಿಗೆ ಗೊತ್ತಿರಬೇಕು.